ದಮ್ಮಿಲ್ಲವೇನೋ?

“ದಮ್ಮಿಲ್ಲವೇನೋ?” ಎಂದು ಕೂಗುವುದು ನನ್ನ ಹಳೆಯ ಚಾಳಿ. ಇಪ್ಪತ್ತು ವರ್ಷ ಮೈದಾನದಲ್ಲಿ ಸೀಟಿ ಊದಿದವನ ಬಾಯಿಗೆ ಅಂಟಿಕೊಂಡ ಮಾತು. ನಮ್ಮ ಕಡೆ ದಮ್ಮಿಗೆ ಎರಡು ಅರ್ಥ. ಒಂದು ಕಸುವು, ದಮ್ಮಿದ್ದವನು ಮುಂದೆ ಓಡುತ್ತಾನೆ. ಇನ್ನೊಂದು ಕಾಯಿಲೆ, ದಮ್ಮು ಬಂದವನು ರಾತ್ರಿಯೆಲ್ಲ ಗೋಡೆಗೊರಗಿ ಕೂತು ಉಸಿರೆಳೆಯುತ್ತಾನೆ. ಹುಡುಗನೊಬ್ಬ ಎರಡನೆಯ ಅರ್ಥದಲ್ಲಿ ಒದ್ದಾಡುತ್ತಿದ್ದಾಗ ನಾನು ಮೊದಲನೆಯ ಅರ್ಥದಲ್ಲಿ ಬೈಯುತ್ತಿದ್ದೆ. ಅದರ ಕತೆ ಇದು.

ನಮ್ಮದು ಮಾಸ್ತಿ. ಮಾಲೂರು ತಾಲ್ಲೂಕಿನ ತೆಂಕಣ ಅಂಚು. ಇನ್ನೊಂದಿಷ್ಟು ದೂರ ಹೋದರೆ ತಮಿಳುನಾಡು. ಎಲ್ಲಿಗೆ ಹೋಗಿ ಊರ ಹೆಸರು ಹೇಳಿದರೂ ಜನ “ಓಹೋ, ವೆಂಕಟೇಶ ಅಯ್ಯಂಗಾರ್ಯರ ಮಾಸ್ತಿಯೋ” ಎನ್ನುತ್ತಾರೆ. ಊರಿನ ಹುಡುಗರ ತಲೆಯಲ್ಲಿರುವುದು ಬೇರೆ ಲೆಕ್ಕ: 1600 ಮೀಟರ್, 6 ನಿಮಿಷ 30 ಸೆಕೆಂಡ್. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಗಂಡುಮಕ್ಕಳು ಅಷ್ಟು ದೂರವನ್ನು ಅಷ್ಟರೊಳಗೆ ಓಡಿ ಮುಗಿಸಬೇಕು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಿಂದ ಬರೀ ದೂಳೇಳುವ ಸೀಮೆಯಲ್ಲಿ ಖಾಕಿ ಬಟ್ಟೆ ಎಂದರೆ ಒಂದು ಮನೆಯ ಬದುಕು. ನಾನು ದೈಹಿಕ ಶಿಕ್ಷಕ. ಕಾಸಿಗಲ್ಲದೆ, ಹುಮ್ಮಸ್ಸಿಗೆ ಒಂಬತ್ತು ಹುಡುಗರನ್ನು ಓಡಿಸುತ್ತಿದ್ದೆ.

ಓಟದ ಹೊತ್ತು ಬೆಳಗಿನ ಐದೂಕಾಲು. ಅವರಿಗೆ ಬೇರೆ ಹೊತ್ತೇ ಇರಲಿಲ್ಲ. ಆರು ಗಂಟೆಗೆ ಕೆಲವರು ಡೈರಿಗೆ ಹಾಲು ಹಾಕಬೇಕು, ಕೆಲವರು ನರಸಾಪುರಕ್ಕೋ ಮಾಲೂರಿಗೋ ಹೋಗುವ ಕಂಪನಿ ಬಸ್ಸು ಹಿಡಿಯಬೇಕು. ನನಗಂತೂ ಆ ಹೊತ್ತೇ ಸರಿ ಎನಿಸಿತ್ತು. ಬೆಳಗಿನ ಜಾವದ ಗಾಳಿ ಅಮೃತ ಎಂದು ನನ್ನ ತಾತ ಹೇಳುತ್ತಿದ್ದ, ಅಪ್ಪ ಹೇಳುತ್ತಿದ್ದ, ನಾನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ. ತಾತನ ಕಾಲದ ಗಾಳಿಯೂ ನನ್ನ ಕಾಲದ ಗಾಳಿಯೂ ಒಂದೇ ಎಂದು ಯಾರೂ ನನಗೆ ಬರೆದುಕೊಟ್ಟಿರಲಿಲ್ಲ.

ಮಾಲೂರು ಸೀಮೆ ಇಟ್ಟಿಗೆಗೂ ಹೆಂಚಿಗೂ ಹೆಸರಾದದ್ದು. ಮಳೆ ಹಿಂದೆಗೆದು ಹಸಿ ಇಟ್ಟಿಗೆ ಒಣಗುವ ಕಾಲ ಬಂದರೆ ಗೂಡು ಕಟ್ಟುತ್ತಾರೆ. ಇಟ್ಟಿಗೆಯನ್ನೇ ಮನೆಯೆತ್ತರಕ್ಕೆ ಒಟ್ಟಿ, ಬುಡದಲ್ಲಿ ಬೆಂಕಿಯ ಬಾಯಿಗಳನ್ನು ಬಿಟ್ಟು, ಸುತ್ತ ಕೆಸರು ಮೆತ್ತಿ, ಹಗಲೂ ರಾತ್ರಿ ನೀಲಗಿರಿ ಸೌದೆ ತುರುಕುತ್ತಾರೆ. ಅದೇ ದಿನಗಳಲ್ಲಿ ಟೊಮ್ಯಾಟೊ ತೋಟ ಮುಗಿದ ರೈತರು ಒಣಬಳ್ಳಿಯ ಜೊತೆ ಪ್ಲಾಸ್ಟಿಕ್ ದಾರ, ಮಲ್ಚಿಂಗ್ ಶೀಟು ಎಲ್ಲಕ್ಕೂ ಸೇರಿಸಿ ಕಡ್ಡಿ ಗೀರುತ್ತಾರೆ. ಊರ ಹೊರಗಿನ ತಿಪ್ಪೆ ತನ್ನಷ್ಟಕ್ಕೆ ಕುಮುಲುತ್ತಿರುತ್ತದೆ. ಇವೆಲ್ಲವೂ ಇರುವ ದಾರಿಯನ್ನೇ ನಾನು ಆರಿಸಿಕೊಂಡಿದ್ದೆ. ಯಾಕೆಂದರೆ ಅದು ಟಾರು ರಸ್ತೆ, ಏರಿಳಿತವಿಲ್ಲ, ಆ ಹೊತ್ತಿನಲ್ಲಿ ಲಾರಿಯಿಲ್ಲ. ನಾನು ಅಳೆದದ್ದು ರಸ್ತೆಯನ್ನು ಮಾತ್ರ.

ಸಂಕ್ರಾಂತಿ ಕಳೆದ ವಾರ. ಕಾವಳ ಕವಿದಿತ್ತು. ಬೈಕಿನ ಹೆಡ್‌ಲೈಟ್ ಹಾಕಿದರೆ ಬೆಳಕು ಮುಂದಕ್ಕೆ ಹರಿಯದೆ ಬಿಳಿ ದೊಣ್ಣೆಯ ಹಾಗೆ ನಿಂತಿತು. ಅದರೊಳಗೆ ಸಣ್ಣ ಸಣ್ಣ ಕಣ ತೇಲುತ್ತಿದ್ದವು. ಮೂಗಿಗೆ ಕಮಟು ವಾಸನೆ. ಒಬ್ಬ ಹುಡುಗ ಫೋನು ತೋರಿಸಿ, “ಸಾರ್, ಗಾಳಿ ಹಳದಿ ತೋರಿಸ್ತಾ ಐತೆ” ಅಂದ. ನಾನು ನಕ್ಕೆ. “ಹಳದಿ ಅಂದ್ರೆ ಮಧ್ಯಮ ಕಣಯ್ಯಾ. ದಿಲ್ಲೀಲಿ ಇದರ ಮೂರರಷ್ಟು ಕುಡೀತಾರೆ. ಓಡ್ರೋ” ಅಂದೆ.

ನಾನು ಬೈದ ಹುಡುಗನ ಹೆಸರು ಬೇಡ. ಇಪ್ಪತ್ತೊಂದು ವರ್ಷ, ನೆಟ್ಟಗಿನ ಕಾಲು, ಮಾತು ಕಡಿಮೆ. ಮೂರನೆಯ ಸುತ್ತಿನವರೆಗೂ ಎರಡನೆಯ ಸ್ಥಾನದಲ್ಲಿದ್ದ. ಗೂಡಿನ ಪಕ್ಕದ ತಿರುವು ದಾಟಿ ಬಂದವನು ಹಿಂದೆ ಬೀಳತೊಡಗಿದ. ಬಾಯಿ ತೆರೆದಿತ್ತು, ಭುಜ ಕಿವಿಯವರೆಗೆ ಏರಿತ್ತು. “ಸಾರ್, ದಮ್ಮು...” ಎಂದ. ಉಳಿದದ್ದು ಹೊರಡಲಿಲ್ಲ. ನಾನು ಬೈಕಿನ ಮೇಲಿಂದಲೇ, “ದಮ್ಮಿಲ್ಲವೇನೋ? ಇನ್ನೂರು ಮೀಟರ್ ಉಳಿದೈತೆ, ಎಳಿ!” ಎಂದು ಕೂಗಿದೆ. ಅವನು ಎಳೆದ. ಮೇಷ್ಟ್ರು ಹೇಳಿದರೆ ನಮ್ಮ ಹುಡುಗರು ಎಳೆಯುತ್ತಾರೆ, ಅದೇ ಕೇಡು. ಮೂವತ್ತು ಹೆಜ್ಜೆ ಆದ ಮೇಲೆ ರಸ್ತೆಯಂಚಿನಲ್ಲಿ ಮೊಣಕಾಲೂರಿ ಕುಸಿದ. ಹತ್ತಿರ ಹೋದಾಗ ಎದೆಯೊಳಗೆ ಸಿಳ್ಳೆಯಂಥ ಸದ್ದು. ತುಟಿ ನೇರಳೆ ಹಣ್ಣು ತಿಂದವನ ತುಟಿ.

ಇಬ್ಬರು ಹುಡುಗರ ನಡುವೆ ಅವನನ್ನು ಕೂರಿಸಿ ಬೈಕಿನಲ್ಲೇ ಆಸ್ಪತ್ರೆಗೆ ಸಾಗಿಸಿದೆವು. ಮುಖಕ್ಕೆ ನೆಬುಲೈಸರಿನ ಬಟ್ಟಲು ಹಿಡಿದರು. ಅರ್ಧ ಗಂಟೆಯ ಮೇಲೆ ಭುಜ ಕೆಳಗಿಳಿಯಿತು. ಅಷ್ಟರಲ್ಲಿ ಅವನ ಅಜ್ಜಿ ಬಂದಿದ್ದರು. “ಚಿಕ್ಕೋನಿದ್ದಾಗ ಉಬ್ಬಸ ಇತ್ತು ಸ್ವಾಮಿ. ಪೊಲೀಸ್ ಕೆಲಸ ತಪ್ಪೋಗ್ತದೆ ಅಂತ ಯಾರಿಗೂ ಹೇಳಬೇಡ ಅಂದಿದ್ದ” ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ವೈದ್ಯರು ಹೊಗೆಯೊಂದರ ಮೇಲೇ ತಪ್ಪು ಹೊರಿಸಲಿಲ್ಲ. ಚಳಿಗಾಳಿ, ಜೋರು ಓಟ, ಹೊಗೆ, ಒಳಗೇ ಮಲಗಿದ್ದ ಕಾಯಿಲೆ, ನಾಲ್ಕೂ ಒಂದೇ ಕಡೆ ಸೇರಿದವು ಎಂದರು. ಆ ನಾಲ್ಕನ್ನೂ ಒಂದೆಡೆ ಸೇರಿಸಿದವನು ಯಾರು ಎಂದು ಅವರು ಕೇಳಲಿಲ್ಲ. ಒಂದು ಲೆಕ್ಕ ಮಾತ್ರ ಹೇಳಿದರು. ಸುಮ್ಮನೆ ಕೂತವನು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದರೆ, ಜೀವ ಬಿಟ್ಟು ಓಡುವವನು ಅದರ ಹತ್ತರಷ್ಟು ಎಳೆಯುತ್ತಾನೆ. ಅದೂ ಬಾಯಿಂದ. ಮೂಗಿನ ಕೂದಲು, ಲೋಳೆ ಏನನ್ನೋ ತಡೆದಾವು. ಬಾಯಿಗೆ ಆ ಜರಡಿಯಿಲ್ಲ. ಹೊಗೆಯಲ್ಲಿರುವ ಎರಡೂವರೆ ಮೈಕ್ರಾನಿನ ಕಣ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿಗಿಂತ ಹೆಚ್ಚಿಲ್ಲ. ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಹೊಗೆಯಲ್ಲಿ ನಿಂತವನಿಗೂ ಓಡುವವನಿಗೂ ಅದು ಒಂದೇ ಹೊಗೆಯಲ್ಲ.

ಮನೆಗೆ ಬಂದು ಫೋನಿನ ಹಳದಿಯ ಅರ್ಥವನ್ನು ಮೊದಲ ಸಲ ಓದಿದೆ. 2014ರಲ್ಲಿ ನಮ್ಮ ದೇಶ ವಾಯು ಗುಣಮಟ್ಟ ಸೂಚ್ಯಂಕ ತಂದಾಗ ಆರು ಬಣ್ಣ, ಆರು ಹಂತ ಮಾಡಿದರು. 101ರಿಂದ 200ರವರೆಗೆ ಹಳದಿ, ಹೆಸರು ‘ಮಧ್ಯಮ’. ಆ ಹಂತದ ಕೆಳಗೆ ಬರೆದಿರುವುದು ಇಷ್ಟು: ಆಸ್ತಮಾದಂಥ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಉಸಿರಾಟದ ತೊಂದರೆ ಆಗಬಹುದು. ಮಧ್ಯಮ ಎಂಬ ಮಾತು ಕೇಳಿ ನಾನು ಪರೀಕ್ಷೆಯ ಸೆಕೆಂಡ್ ಕ್ಲಾಸು ಎಂದುಕೊಂಡಿದ್ದೆ. ಇನ್ನೊಂದು ಪೆಟ್ಟು: ಆ ಅಂಕಿ ನಮ್ಮೂರಿನದೇ ಅಲ್ಲ. ಮಾಸ್ತಿಯಲ್ಲಿ ಗಾಳಿ ಅಳೆಯುವ ಯಂತ್ರವಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರ ಇರುವುದು ಕೋಲಾರದ ಟಮಕದಲ್ಲಿ. ಫೋನು ಎಲ್ಲಿನದೋ ಅಂಕಿ ಹಿಡಿದು ಅಂದಾಜು ಕಟ್ಟುತ್ತದೆ. ನಮ್ಮ ತಿರುವಿನ ಗೂಡು ಅದರ ಲೆಕ್ಕದಲ್ಲಿ ಎಲ್ಲಿ ಬರಬೇಕು?

ಆ ರಾತ್ರಿ ನಿದ್ದೆ ಬಾರದೆ ಇದ್ದಾಗ ನೆನಪಾದದ್ದು 2017ರ ಡಿಸೆಂಬರ್. ದಿಲ್ಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಟೆಸ್ಟ್ ಪಂದ್ಯ. ಶ್ರೀಲಂಕಾದ ಆಟಗಾರರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮೈದಾನಕ್ಕಿಳಿದರು, ಮತ್ತೆ ಮತ್ತೆ ಆಟ ನಿಂತಿತು, ಅವರ ವೇಗಿ ಲಕ್ಮಲ್ ವಾಂತಿ ಮಾಡಿಕೊಂಡರು. ಕೊಹ್ಲಿ ಇನ್ನೂರು ದಾಟಿ ಆಡಿದ್ದರು. ಸ್ಟಾಫ್ ರೂಮಿನಲ್ಲಿ ಕೂತು ನಾನು ಹೇಳಿದ್ದ ಮಾತು ನನಗೆ ಚೆನ್ನಾಗಿ ನೆನಪಿದೆ: “ಬೌಲಿಂಗ್ ಮಾಡೋಕೆ ದಮ್ಮಿಲ್ಲ, ನಾಟಕ ಆಡ್ತಾರೆ.” ಅದೇ ಮಾತು. ಬ್ಯಾಟು ಹಿಡಿದು ನಿಂತವನಿಗಿಂತ ಓಡಿ ಬಂದು ಚೆಂಡೆಸೆಯುವವನು ಎಷ್ಟು ಹೆಚ್ಚು ಗಾಳಿ ಕುಡಿಯುತ್ತಾನೆ ಎಂದು ದೈಹಿಕ ಶಿಕ್ಷಕನಾದ ನನಗೇ ಹೊಳೆಯಲಿಲ್ಲ.

ಬೆಳಗಿನ ಅಮೃತದ ವಿಷಯ ಇನ್ನೂ ನಾಚಿಕೆಗೇಡು. ಚಳಿಗಾಲದ ರಾತ್ರಿ ನೆಲ ತಣ್ಣಗಾದಾಗ ನೆಲಕ್ಕಂಟಿದ ಗಾಳಿಯೂ ತಣಿದು ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ. ಸಂಜೆಯಿಂದ ಸುಟ್ಟದ್ದೆಲ್ಲ ಆ ಮುಚ್ಚಳದ ಕೆಳಗೆ, ನಮ್ಮ ಮೂಗಿನ ಮಟ್ಟದಲ್ಲೇ ಉಳಿಯುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ, ಒಂಬತ್ತು ಹತ್ತು ಗಂಟೆಯ ಹೊತ್ತಿಗೆ, ಮುಚ್ಚಳ ಒಡೆಯುತ್ತದೆ. ಅಂದರೆ ನಾನು ಹುಡುಗರಿಗೆ ದಿನದ ಅತಿ ಕೊಳೆಯಾದ ಹೊತ್ತನ್ನೇ ಹುಡುಕಿ ಕೊಟ್ಟಿದ್ದೆ. ಇದನ್ನು ತಿಳಿಯಲು ಯಂತ್ರವೂ ಬೇಕಿರಲಿಲ್ಲ. ಕೆರೆ ಏರಿ ಮೇಲೆ ನಿಂತು ಗೂಡಿನ ಹೊಗೆ ನೋಡಿದರೆ ಸಾಕು. ಹೊಗೆ ಕಂಬದ ಹಾಗೆ ನೆಟ್ಟಗೆ ಏರಿ ಚದುರಿದರೆ ಗಾಳಿ ಆಡುತ್ತಿದೆ. ಸ್ವಲ್ಪ ಏರಿ, ತಲೆಗೆ ಏನೋ ತಾಗಿದ ಹಾಗೆ ಬಾಗಿ, ಹಾಸಿಗೆಯಂತೆ ಅಡ್ಡ ಹರಡಿದರೆ ಮುಚ್ಚಳ ಬಿದ್ದಿದೆ. ಇನ್ನೊಂದು ಗುರುತು ಮೂಗಿಗೇ ಗೊತ್ತು: ಕಾವಳಕ್ಕೆ ವಾಸನೆಯಿರುವುದಿಲ್ಲ. ವಾಸನೆ ಬಂದರೆ ಅದು ಕಾವಳವೊಂದೇ ಅಲ್ಲ.

ಒಂದು ವಾರ ಓಟ ನಿಲ್ಲಿಸಿದೆ. ಆ ವಾರದಲ್ಲಿ ಒಂದು ಬೆಳಿಗ್ಗೆ ಆ ತಿರುವಿಗೆ ನಡೆದುಕೊಂಡು ಹೋದೆ. ಗೂಡಿನ ಬಾಯಿಯ ಮುಂದೆ ಹೆಂಗಸೊಬ್ಬಳು ಸೆರಗಿನಿಂದ ಮೂಗು ಕಟ್ಟಿಕೊಂಡು ಸೌದೆ ನೂಕುತ್ತಿದ್ದಳು. ಅತ್ತ ತಗಡಿನ ಗುಡಿಸಲ ಬಾಗಿಲಲ್ಲಿ ಎರಡು ಮಕ್ಕಳು ಒಂದೇ ಕಂಬಳಿಯಲ್ಲಿ ಮಲಗಿದ್ದವು. ಒಂದು ಕೆಮ್ಮುತ್ತಿತ್ತು. ಎಷ್ಟೋ ತಿಂಗಳು ಆ ತಿರುವನ್ನು ದಾಟಿದ್ದೆ. ಬೈಕಿನ ಮೇಲೆ, ಕೈಯಲ್ಲಿ ಸ್ಟಾಪ್‌ವಾಚು ಹಿಡಿದು. ನಾವು ಬೇರೆ ದಾರಿ ಹಿಡಿಯಬಹುದಿತ್ತು, ಹಿಡಿದೆವು. ಅವರ ದಾರಿ ಅಲ್ಲೇ ಇತ್ತು.

ಈಗ ಓಟ ಇರುವುದು ನೀಲಗಿರಿ ತೋಪಿನಾಚೆಯ ಮಣ್ಣುದಾರಿಯಲ್ಲಿ. ಬೆಳಗಿನ ಓಟ ಭಾನುವಾರ, ಒಂಬತ್ತೂವರೆಯ ಮೇಲೆ. ವಾರದ ನಡುವೆ ಪಾಳಿ ಮುಗಿಸಿ ಬಂದವರಿಗೆ ಸಂಜೆ ನಾಲ್ಕೂವರೆಗೆ. ಹೊತ್ತು ಮುಳುಗುವ ಮೊದಲೇ ಮುಗಿಸುತ್ತೇವೆ, ಮುಳುಗಿದ ಮೇಲೆ ಹೊಗೆ ಮತ್ತೆ ಕೆಳಗಿಳಿಯುತ್ತದೆ. ಹೊಗೆ ಹಾಸಿದ ದಿನ ಒಳಗೆ ದಂಡ, ಬಸ್ಕಿ. ಇದರಿಂದ ಇಬ್ಬರು ಹುಡುಗರು ಬಿಟ್ಟುಹೋದರು. ಅವರ ಪಾಳಿಗೆ ನನ್ನ ಹೊತ್ತು ಹೊಂದಲಿಲ್ಲ. ವ್ಯಾಯಾಮವನ್ನೇ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಇದೇ ಊರಿನ ಹೆಸರು ಹೊತ್ತ ಮಾಸ್ತಿಯವರು ಬೆಂಗಳೂರಿನ ಗವಿಪುರದ ಮನೆಯಿಂದ ಕೊಡೆ ಹಿಡಿದು ಸಂಜೆ ಬಸವನಗುಡಿ ಕ್ಲಬ್ಬಿಗೆ ನಡೆದೇ ಹೋಗುತ್ತಿದ್ದರು. 1891ರ ಜೂನ್ 6ರಂದು ಹುಟ್ಟಿದವರು ತೊಂಬತ್ತೈದು ತುಂಬಿದ ದಿನವೇ ತೀರಿಕೊಂಡರು. ನಡಿಗೆಗೆ ಬ್ರಾಹ್ಮೀ ಮುಹೂರ್ತವೇ ಆಗಬೇಕೆಂದು ನಾನು ಹಟ ಹಿಡಿದಾಗ ಈ ಉದಾಹರಣೆ ಊರಿನಲ್ಲೇ ಇತ್ತು.

ಹೊಸದಾಗಿ ಸೇರುವ ಹುಡುಗನಿಗೆ ಈಗ ಮೊದಲು ಸಮಯ ಕೇಳುವುದಿಲ್ಲ. ಪಕ್ಕಕ್ಕೆ ಕರೆದು, “ಚಿಕ್ಕಂದಿನಲ್ಲಿ ಉಬ್ಬಸ ಇತ್ತಾ? ಇದ್ದರೆ ಹೇಳು, ನಾನು ತೆಗೆದುಹಾಕೋದಿಲ್ಲ, ಡಾಕ್ಟರ್ ಹತ್ತಿರ ಹೋಗೋಣ” ಎನ್ನುತ್ತೇನೆ. ಕೆಲವರು ಹೇಳುತ್ತಾರೆ. ಬಿದ್ದ ಹುಡುಗ ಆ ವರ್ಷದ ಓಟಕ್ಕೆ ಹೋಗಲಿಲ್ಲ. ಈಗ ಗೂಡ್ಸ್ ಆಟೋದಲ್ಲಿ ಕೋಲಾರದ ಮಂಡಿಗೆ ಟೊಮ್ಯಾಟೊ ಹೊಡೆಯುತ್ತಾನೆ, ಜೇಬಿನಲ್ಲಿ ಇನ್‌ಹೇಲರ್ ಇರುತ್ತದೆ. ಎದುರಾದರೆ ನಿಲ್ಲಿಸಿ ಮಾತಾಡಿಸುತ್ತಾನೆ. ನಾನೇ ಮಾತು ಬೇಗ ಮುಗಿಸುತ್ತೇನೆ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಉಳಿದಿದೆ. ಅವನು ಮೊಣಕಾಲೂರಿದ ಕ್ಷಣ ನಾನು ಬೈಕಿನಿಂದ ಇಳಿಯುವುದಕ್ಕೂ ಮುಂಚೆ ನನ್ನ ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿ ಒತ್ತಿತು. ಕಣ್ಣು ಮೊದಲು ಅಂಕಿ ನೋಡಿತು, ಆಮೇಲೆ ಅವನನ್ನು. 5 ನಿಮಿಷ 48 ಸೆಕೆಂಡ್. ಆ ವಾಚು ಈಗಲೂ ಮೇಜಿನ ಡ್ರಾದಲ್ಲಿದೆ. ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿಲ್ಲ.