ಯಾದವಗಿರಿಯ ಮನೆ

ಮನೆಯೊಂದು ರಾಷ್ಟ್ರದ ಸ್ವತ್ತಾಗಿ ರಕ್ಷಿಸಲು ಯೋಗ್ಯವೇ ಎಂಬುದನ್ನು ನಿರ್ಣಯಿಸುವುದು ಹೇಗೆ? ವಯಸ್ಸೊಂದೇ ಪ್ರಮಾಣವಾದರೆ ವಿಚಾರವು ಸುಲಭ. ನಮ್ಮ ದೇಶದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಕನಿಷ್ಠ ನೂರು ವರ್ಷಗಳ ಪ್ರಾಯವನ್ನು ಕೇಳುವುದು. ಆದರೆ ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆಯನ್ನು ನೋಡಿದಾಗ ಈ ಅಳತೆಗೋಲು ಸಾಲದೆಂದು ನಮಗೆ ತೋರಿತು.

1950ರ ದಶಕದ ಆದಿಯಲ್ಲಿ ಸಿದ್ಧವಾದ ಈ ಎರಡಂತಸ್ತಿನ ಗೃಹಕ್ಕೆ ಇನ್ನೂ ನೂರು ತುಂಬಿಲ್ಲ. ಅರಮನೆಯ ಶಿಲ್ಪವೈಭವವೂ ಇಲ್ಲಿಲ್ಲ. ಕಣ್ಣನ್ನು ಸೆಳೆಯುವುದು ಎಂಟು ಕಿಟಕಿಗಳ ಬರಹದ ಕೋಣೆ ಮಾತ್ರ. ನಾಲ್ಕು ದಿಕ್ಕನ್ನೂ ನೋಡುತ್ತ ಬರೆಯಬೇಕೆಂದು ನಾರಾಯಣರು ಇದನ್ನು ಮಾಡಿಸಿದರು. ದಕ್ಷಿಣಕ್ಕೆ ಚಾಮುಂಡಿಬೆಟ್ಟದ ಗುಡಿಯು ಅವರಿಗೆ ಕಾಣುತ್ತಿದ್ದಿತು.

ಹಾಗಾದರೆ ಕೃತಿಗಳ ಸಂಬಂಧವೇ ಪ್ರಮಾಣವೆ? ಅದನ್ನೂ ಪರೀಕ್ಷಿಸಬೇಕು. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿಯೇ ಪ್ರಕಟವಾಗಿದ್ದಿತು. ಆಗ ಈ ಮನೆಯೇ ಇರಲಿಲ್ಲ. 1960ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದ ‘ದಿ ಗೈಡ್’ ಕಾದಂಬರಿಯನ್ನು ಅವರು ಬರೆದುದು ಅಮೆರಿಕದ ಬರ್ಕ್ಲಿಯಲ್ಲಿ. ಆದರೂ ದಶಕಗಳ ಕಾಲ ಅವರು ಬಾಳಿದುದು, ತಮ್ಮ ಮನಸ್ಸಿಗೊಪ್ಪುವಂತೆ ಕಟ್ಟಿಸಿದುದು ಇದೇ ಮನೆಯನ್ನು. ಈ ಸಂಬಂಧವು ಅಲ್ಪವಲ್ಲ.

2011ರಲ್ಲಿ ಮನೆಯನ್ನು ಕೆಡಹುವ ಕಾರ್ಯವು ಆರಂಭವಾಗಿ ಕೆಲಭಾಗವು ಹಾಳಾಯಿತು. ಸುದ್ದಿ ಹಬ್ಬಿದೊಡನೆ ಅದನ್ನು ತಡೆದರು. ಮುಂದೆ ಸರ್ಕಾರದ ಹಣದಿಂದ ಮನೆಯನ್ನು ಕೊಂಡು, ದುರಸ್ತಿಮಾಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಹೊಸ ಗಾರೆ ಸೇರಿದುದರಿಂದ ಮನೆಯು ಕೃತ್ರಿಮವಾಯಿತೆನ್ನುವವರು ನಮ್ಮ ದೇವಾಲಯಗಳ ಜೀರ್ಣೋದ್ಧಾರವನ್ನು ನೆನೆಯಲಿ. ಕಲ್ಲು ಬದಲಾದರೂ ಕ್ಷೇತ್ರವು ಬದಲಾಗದು. ಆದರೆ ಯಾವುದು ಹಳೆಯದು, ಯಾವುದು ಹೊಸದು ಎಂಬ ಲೆಕ್ಕವು ಉಳಿದಿರಬೇಕು.

ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡಿಗರ ಹಣವೇಕೆಂದು ಕೆಲವು ಕನ್ನಡ ಸಾಹಿತಿಗಳು ಆಗ ಕೇಳಿದರು. ಈ ಆಕ್ಷೇಪವನ್ನು ನಾವು ಲಘುವಾಗಿ ಕಾಣಲಾರೆವು. ಕನ್ನಡದ ಕವಿಗಳ ಮನೆಗಳಿಗೂ ಇಂತಹ ಆದರವು ಸಲ್ಲಲೇಬೇಕು. ಆದರೆ ಒಂದನ್ನು ಕೆಡಹಿದರೆ ಇನ್ನೊಂದು ಉಳಿಯುವುದೆಂಬ ನ್ಯಾಯವಿಲ್ಲ. ಶಂಕರ್ ನಾಗ್ ಅವರು 1980ರ ದಶಕದಲ್ಲಿ ಮಾಲ್ಗುಡಿಯ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರಿಸಿದಾಗ ಆ ಕಲ್ಪಿತ ಊರು ನಮ್ಮ ನಾಡಿನ ನೆಲದಲ್ಲಿಯೇ ಬೇರುಬಿಟ್ಟಿತು.

ಆದುದರಿಂದ ಈ ಮನೆಯು ಯೋಗ್ಯವೆಂದೇ ನಮ್ಮ ಮತ. ವಾಚಕರಲ್ಲಿ ಹಳೆಯ ಮನೆಯುಳ್ಳವರಿಗೆ ನಮ್ಮದೊಂದು ವಿಜ್ಞಾಪನೆ: ಕಟ್ಟಿಸಿದವರು ಯಾರು, ಯಾವ ವರ್ಷ, ಏನೇನು ಬದಲಾಯಿಸಿದರು, ಯಾರಾರು ಬಾಳಿದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ನಾಳೆ ಯೋಗ್ಯತೆಯನ್ನು ತೂಗುವವರು ಬಂದಾಗ ಗೋಡೆಯ ಪಕ್ಷದಲ್ಲಿ ಮಾತನಾಡುವುದು ಆ ಒಂದು ಹಾಳೆಯೇ.