ನೆಲಮಟ್ಟದಿಂದ ನೋಡಿದ ಮನೆ

ಬೆಳಗ್ಗೆ ನಡುಮನೇಲಿ ಅಂಬೆಗಾಲಿಟ್ಟಿದ್ದು ಮಗಳಲ್ಲ, ನಾನು! ಏಳು ತಿಂಗಳು ತುಂಬಿತು, ಹೊಟ್ಟೆ ಮೇಲೆ ತೆವಳ್ತಾಳೆ, ಇನ್ನೇನು ಮೊಣಕಾಲು ಊರ್ತಾಳೆ. ಅವಳ ಎತ್ತರದಿಂದ ನೋಡಿದ್ರೆ ನಮ್ಮ ವೇಮಗಲ್ ಮನೆ ಬೇರೇನೇ. ಬಾಗಿಲ ಹಿಂದೆ ಈಳಿಗೆಮಣೆ, ಮಂಚದಡಿ ಟೊಮ್ಯಾಟೊ ತೋಟದ ಔಷಧಿ ಡಬ್ಬ, ರೇಷ್ಮೆಹುಳು ಮನೆಗೆ ತಂದ ಬ್ಲೀಚಿಂಗ್ ಪೌಡರ್ ಚೀಲ, ಮೂಲೇಲಿ ಆಟದ ಸಾಮಾನಿಂದ ಬಿದ್ದ ಬಟನ್ ಸೆಲ್ಲು. ಅದು ಗಂಟಲಲ್ಲಿ ಸಿಕ್ಕಿಕೊಂಡ್ರೆ 2 ಗಂಟೇಲೇ ಅನ್ನನಾಳ ಸುಡುತ್ತೆ, ಆಸ್ಪತ್ರೆಗೆ ಓಡಬೇಕು.

"ನೀನು ಇದೇ ಮನೇಲಿ ಬೆಳೀಲಿಲ್ವೇನೋ?" ಅಂತ ಅಮ್ಮ ನಗ್ತಾಳೆ. ಬೆಳೆದೆ, ಸರಿ. ಆಗ ಎತ್ಕೊಳ್ಳೋಕೆ ಮೂರು ಜನ ಅತ್ತೆಯರಿದ್ರು!

ಔಷಧಿಯೆಲ್ಲ ಅಟ್ಟ ಸೇರಿತು. ಹೊಸಿಲಿಗೆ ಅಡ್ಡ ಹಲಗೆ ಇಡೋಣ ಅಂದ್ರೆ, "ಮಗು ಹೊಸಿಲು ದಾಟಿದ ದಿನ ಕಾಯಿ ಒಡೀಬೇಕು ಕಣೋ" ಅಂತಾಳೆ. ನಿಮ್ಮನೇಲಿ ಏನು ಮಾಡಿದ್ರಿ?