ನಾಲ್ಕು ತಾಟು, ಹನ್ನೆರಡು ಮಂದಿ

ಆರ್ ಕಲಿಯಾಕತ್ತೀನಿ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪನಿಗೆ ಕೇಳಿಸಿದ್ದು 'ಆರು'. "ಆರು ಈಗ ಕಲಿಯಾಕತ್ತೀಯಾ? ಏಳು ಯಾವಾಗ ಕಲೀತಿ ಯವ್ವಾ?" ಎಂದ. ಹಿಂದೆ ಅವ್ವ ನಕ್ಕದ್ದೂ ಕೇಳಿಸಿತು. ಎಂ.ಎಸ್ಸಿ. ಮುಗಿಸಿದ ಮಗಳು ಮತ್ತೆ ಅಂಕಿ ಕಲಿಯಲು ಕೂತಿದ್ದಾಳೆ ಎಂಬ ಸುದ್ದಿ ಸಂಜೆಯೊಳಗೆ ನಮ್ಮ ಓಣಿಯ ಕಟ್ಟೆಗಳನ್ನೆಲ್ಲ ಸುತ್ತಿ ಬಂದಿತ್ತಂತೆ.

ಆರ್ ಎನ್ನುವುದು ಅಂಕಿಅಂಶದ ಕೆಲಸಕ್ಕೆಂದೇ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರು ತೊಂಬತ್ತರ ದಶಕದ ಆರಂಭದಲ್ಲಿ ಕಟ್ಟಿದ್ದು. ಇಬ್ಬರ ಹೆಸರೂ ಅದೇ ಅಕ್ಷರದಿಂದ ಶುರುವಾಗುತ್ತವೆ. ಅದಕ್ಕೂ ಮುಂಚೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು 1976ರಿಂದ ಬೆಳೆಸಿಕೊಂಡು ಬಂದಿದ್ದ 'ಎಸ್' ಎಂಬ ಭಾಷೆ ಇದಕ್ಕೆ ಹಿರಿಯಕ್ಕ. ಆರ್‌ನ 1.0.0 ಆವೃತ್ತಿ ಹೊರಬಿದ್ದದ್ದು 2000ದ ಫೆಬ್ರುವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಬರುವ ತಾರೀಖು ನೋಡಿ ಹುಟ್ಟಿದ ಕೂಸು, ಹುಟ್ಟುಹಬ್ಬದ ಖರ್ಚು ಕಮ್ಮಿ.

ಇದರಲ್ಲಿ ಮೊದಲು ಕಲಿಯಬೇಕಾದ್ದು ವೆಕ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು ವೆಕ್ಟರ್ ಎಂದರೆ ಸದಿಶ, ದಿಕ್ಕುಳ್ಳದ್ದು ಎಂದು ಬಾಯಿಪಾಠ ಮಾಡಿಸಿದ್ದರು. ಆರ್‌ನ ವೆಕ್ಟರಿಗೆ ದಿಕ್ಕೂ ಇಲ್ಲ, ದೆಸೆಯೂ ಇಲ್ಲ. ಒಂದೇ ಜಾತಿಯ ವಸ್ತುಗಳ ಸಾಲು ಅಷ್ಟೇ. 'ಸಿ' ಎಂಬ ಒಂದಕ್ಷರದ ಫಂಕ್ಷನ್ ಬರೆದು ಆವರಣದೊಳಗೆ ಅಂಕಿಗಳನ್ನು ಸುರಿದರೆ ವೆಕ್ಟರ್ ಆಯಿತು. ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸುತ್ತಲಿನ ಊರುಗಳಿಂದ ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಮಹಾದಾಸೋಹಕ್ಕೆ ಬಂದು ಬೀಳುತ್ತವೆ. ಯಾವ ಊರಿನ, ಯಾವ ಒಲೆಯ, ಯಾರ ಕೈಯ ರೊಟ್ಟಿ ಎಂದು ಯಾರೂ ಕೇಳುವುದಿಲ್ಲ. ಪೇರಿಸಿಟ್ಟ ಮೇಲೆ ಎಲ್ಲವೂ ರೊಟ್ಟಿ.

ಆದರೆ ಆ ಸಾಲಿನಲ್ಲಿ ಬೇರೆ ಜಾತಿಯ ಒಂದೇ ಒಂದು ವಸ್ತು ನುಸುಳಲಿ, ಆಗ ನೋಡಬೇಕು ತಮಾಷೆ. ನೂರು ಸಂಖ್ಯೆಗಳ ನಡುವೆ 'ಮಳೆ ಇಲ್ಲ' ಎಂದು ಯಾರೋ ಅಕ್ಷರದಲ್ಲಿ ಬರೆದಿದ್ದರೆ ಆರ್ ಅದನ್ನು ಹೊರಗೆ ಹಾಕುವುದಿಲ್ಲ, ಜಗಳವಾಡುವುದೂ ಇಲ್ಲ. ಉಳಿದ ತೊಂಬತ್ತೊಂಬತ್ತನ್ನೂ ಸದ್ದಿಲ್ಲದೆ ಅಕ್ಷರ ಮಾಡಿಬಿಡುತ್ತದೆ. ಪಂಕ್ತಿಯಲ್ಲಿ ಒಬ್ಬರು ಉಪವಾಸವೆಂದರೆ ಎಲ್ಲರ ಎಲೆಯನ್ನೂ ಎತ್ತಿದ ಹಾಗೆ. ಅಕ್ಷರಸ್ಥವಾದ ಸಂಖ್ಯೆಗಳು ಆಮೇಲೆ ಕೂಡಿಸಲು ಬರುವುದಿಲ್ಲ. ಏರಿಕೆಯ ಕ್ರಮದಲ್ಲಿ ನಿಲ್ಲಿರಿ ಎಂದರೆ 100 ಮುಂದೆ, 25 ಅದರ ಹಿಂದೆ, 9 ಕಟ್ಟಕಡೆಗೆ: ಡಿಕ್ಷನರಿಯ ಶಿಸ್ತು.

ಜಾತಿ ಕೆಟ್ಟರೆ ಇಷ್ಟು ರಂಪ ಮಾಡುವ ಇದೇ ಭಾಷೆಗೆ ಅರ್ಥ ಕೆಟ್ಟರೆ ಲಕ್ಷ್ಯವೇ ಇಲ್ಲ. ಗಂಗಾವತಿ, ಕಾರಟಗಿ ಕಡೆ ಭತ್ತದ ದರ ಹೇಳುವುದು 75 ಕೆ.ಜಿ.ಯ ಚೀಲಕ್ಕೆ. ಸರ್ಕಾರ ಬೆಂಬಲ ಬೆಲೆ ಹೇಳುವುದು ಕ್ವಿಂಟಾಲಿಗೆ. ಚೀಲಕ್ಕೆ 1,500, ಕ್ವಿಂಟಾಲಿಗೆ 2,000 ಎಂದರೆ ಕೆ.ಜಿ.ಗೆ ಎರಡೂ ಇಪ್ಪತ್ತೇ ರೂಪಾಯಿ. ಇವೆರಡನ್ನೂ ಒಂದೇ ವೆಕ್ಟರಿಗೆ ಹಾಕಿ ಸರಾಸರಿ ಕೇಳಿ, 1,750 ಎಂದು ತಕ್ಷಣ ಹೇಳುತ್ತದೆ. ಯಾವ ಮಾರ್ಕೆಟ್ಟಿನಲ್ಲೂ ಇಲ್ಲದ, ಯಾವ ದಲಾಲಿಯೂ ಕೂಗದ ದರ ಅದು. ಸಂಖ್ಯೆಯ ಪಕ್ಕ ಸಂಖ್ಯೆ ಕೂತಿದೆ, ಅಲ್ಲಿಗೆ ಆರ್‌ನ ಕಾಳಜಿ ಮುಗಿಯಿತು.

ಒಂದು ಕಾರಣಕ್ಕೆ ಮಾತ್ರ ಈ ಭಾಷೆ ನನಗೆ ಮೊದಲ ದಿನವೇ ಹಿಡಿಸಿತ್ತು. ಇದು ಎಣಿಕೆಯನ್ನು ಒಂದರಿಂದ ಶುರುಮಾಡುತ್ತದೆ. ಸಿ, ಜಾವಾ, ಪೈಥಾನ್ ಎಲ್ಲ ಸೊನ್ನೆಯಿಂದ. ಸಾಲಿನಲ್ಲಿ ಮೊದಲು ನಿಂತವನಿಗೆ ಸೊನ್ನೆಯ ಪಟ್ಟ. ನಮ್ಮ ಕಣದಲ್ಲಿ ರಾಶಿ ಅಳೆಯುವಾಗ ಅಪ್ಪ ಮೊದಲ ಅಳತೆಗೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದ. ಲಾಭ, ಎರಡು, ಮೂರು. ಜೋಳದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೇರು ತುಂಬಿ, ಅಂಗೈಯಿಂದ ಮೇಲಿನದನ್ನು ಸವರಿ, ಚೀಲದ ಬಾಯಿಗೆ ಸುರಿಯುವ ಹೊತ್ತಿಗೆ ಸರಿಯಾಗಿ ಬಾಯಿಂದ ಅಂಕಿ ಬರುತ್ತಿತ್ತು. ನಡುವೆ ಯಾರೂ ಮಾತಾಡಿಸುವಂತಿಲ್ಲ. ಆರ್‌ನಲ್ಲಿ ವೆಕ್ಟರಿನ ಪ್ರತಿ ಸ್ಥಾನಕ್ಕೂ ಹೆಸರಿಡಬಹುದು ಎಂದು ತಿಳಿದ ದಿನ ಮೊದಲ ಸ್ಥಾನಕ್ಕೆ ಲಾಭ ಎಂದೇ ಹೆಸರಿಟ್ಟು ನೋಡಿದೆ. ಕರೆದರೆ ಓಗೊಟ್ಟಿತು.

ನಾನು ಕಲಿಯಲು ಹೊರಟದ್ದು ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ. ಒಂದು ಅಧ್ಯಯನಕ್ಕೆ ಕೊಪ್ಪಳ ಜಿಲ್ಲೆಯ ಮಳೆಯ ಲೆಕ್ಕ ಜೋಡಿಸಿ ಕೊಡಬೇಕಿತ್ತು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ. ಆಗ ತಾಲೂಕು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ರೈಸ್‌ಮಿಲ್ಲಿನ ಹೊಗೆ. ನಮ್ಮ ಕುಷ್ಟಗಿ ಮತ್ತು ಪಕ್ಕದ ಯಲಬುರ್ಗಾದ್ದು ಮುಗಿಲು ನೋಡಿ ಬಿತ್ತುವ ಒಕ್ಕಲುತನ. ನಾಲ್ಕರ ಸರಾಸರಿ ತೆಗೆದು ಜಿಲ್ಲೆಯ ಮಳೆ ಇಷ್ಟು ಎನ್ನುವುದು ಉಂಡವನನ್ನೂ ಉಪವಾಸ ಇರುವವನನ್ನೂ ಕೂಡಿಸಿ ಇಬ್ಬರದೂ ಅರ್ಧ ಹೊಟ್ಟೆ ಎಂದ ಹಾಗೆ. ಆದರೂ ಕೇಳಿದ್ದು ಅದನ್ನೇ.

ಮಳೆಮಾಪಕದ ಹಳೆಯ ದಾಖಲೆ ಪುಸ್ತಕಗಳನ್ನು ಬಿಚ್ಚಿದ ಮೇಲೆ ಗೊತ್ತಾದದ್ದು, ನಮ್ಮ ಒಂದು 'ಇಲ್ಲ'ದೊಳಗೆ ಮೂರು ಇಲ್ಲಗಳಿವೆ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿದರು, ನೀರಿರಲಿಲ್ಲ, 'ಇಲ್ಲ' ಎಂದು ಬರೆದರು. ಅದು ಸೊನ್ನೆ. ಇನ್ನೊಂದು ದಿನ ನೋಡುವವರೇ ಬರಲಿಲ್ಲ. ಮಳೆ ಆಯಿತೋ ಬಿಟ್ಟಿತೋ ಗೊತ್ತಿಲ್ಲ. ಅಲ್ಲೂ 'ಇಲ್ಲ'. ಆರ್‌ನಲ್ಲಿ ಇದಕ್ಕೆ ಎನ್‌ಎ. ಮೂರನೆಯದು, ಆ ಊರಿಗೆ ಮಾಪಕವನ್ನೇ ಕೊಟ್ಟಿರಲಿಲ್ಲ, ಅದಕ್ಕೂ 'ಇಲ್ಲ'. ಅದು ನಲ್. ಮೂರರ ಗುಣವೂ ಬೇರೆ. 10, ಇಲ್ಲ, 20 ಎಂಬ ಮೂರು ದಿನಗಳ ಸರಾಸರಿ ತೆಗೆಯಿರಿ. ನಡುವಿನದು ಸೊನ್ನೆಯಾದರೆ ಉತ್ತರ ಹತ್ತು. ನಲ್ ಆದರೆ ಆ ದಿನ ಸಾಲಿನಿಂದಲೇ ಮಾಯವಾಗಿ ಎರಡೇ ದಿನ ಉಳಿದು ಉತ್ತರ ಹದಿನೈದು. ಎನ್‌ಎ ಆದರೆ ಉತ್ತರವೂ ಎನ್‌ಎ: ಒಂದು ದಿನದ್ದು ಗೊತ್ತಿಲ್ಲ ಎಂದ ಮೇಲೆ ಸರಾಸರಿ ನನಗೆಲ್ಲಿ ಗೊತ್ತು, ಎನ್ನುತ್ತದೆ. ಗೊತ್ತಿಲ್ಲದ್ದನ್ನು ಬಿಟ್ಟು ಹೇಳು ಎಂದು ಬೇರೆಯಾಗಿ ಆಜ್ಞೆ ಕೊಟ್ಟರೆ ಮಾತ್ರ ಬಾಯಿ ಬಿಡುತ್ತದೆ. ಒಂದು ಎನ್‌ಎ ಇನ್ನೊಂದು ಎನ್‌ಎಗೆ ಸಮವೇ ಎಂದು ಕೇಳಿದರೂ ಅದೇ ಉತ್ತರ, ಎನ್‌ಎ. ಇಷ್ಟು ಪ್ರಾಮಾಣಿಕ ಸಾಕ್ಷಿಯನ್ನು ನಾನು ಯಾವ ಪಂಚಾಯ್ತಿ ಕಟ್ಟೆಯಲ್ಲೂ ಕಂಡಿಲ್ಲ.

ವೆಕ್ಟರಿನಲ್ಲಿ ಕೂರದ್ದನ್ನೆಲ್ಲ ಕೂರಿಸಲು ಇರುವುದು ಲಿಸ್ಟ್. ಪಟ್ಟಿ ಎಂದು ಕನ್ನಡ ಮಾಡಬಹುದು, ಆದರೆ ನಮ್ಮ ಕಡೆಯ 'ಯಾದಿ'ಯೇ ಇದಕ್ಕೆ ಲಾಯಕ್ಕು. ಅಕ್ಕನ ಮದುವೆಯ ಯಾದಿ ಇನ್ನೂ ಟ್ರಂಕಿನಲ್ಲಿದೆ. ಇಳಕಲ್ ಸೀರೆ ಐದು; ಬಂಗಾರ ಮೂರು ತೊಲ; ಹಂದರದವನಿಗೆ ಮುಂಗಡ ಕೊಟ್ಟದ್ದು ಹೌದು; ಬಾಜಿಯವರು ಬರುವುದು ಮಂಗಳವಾರ; ಅಡುಗೆ ಸಾಮಾನು. ಈ ಅಡುಗೆ ಸಾಮಾನಿನ ಮುಂದೆ ಒಂದು ಗುಂಡುಪಿನ್ನು, ಪಿನ್ನಿಗೆ ಇನ್ನೊಂದು ಚೀಟಿ, ಅದೇ ಬೇರೆ ಯಾದಿ. ಸಂಖ್ಯೆ, ತೂಕ, ಹೌದು-ಅಲ್ಲ, ವಾರ, ಯಾದಿಯೊಳಗೆ ಯಾದಿ: ಎಲ್ಲ ಒಂದೇ ಹಾಳೆಯಲ್ಲಿ, ಯಾರೂ ಯಾರ ಜಾತಿಯನ್ನೂ ಕೆಡಿಸದೆ. ಲಿಸ್ಟ್ ಎಂದರೆ ಇದೇ.

ಲಿಸ್ಟಿನಿಂದ ಹೊರಗೆ ತೆಗೆಯುವುದರಲ್ಲಿದೆ ಪೇಚು. ಒಂದು ಚೌಕಾವರಣ ಹಾಕಿದರೆ ಒಂದು ಬರುತ್ತದೆ, ಎರಡು ಹಾಕಿದರೆ ಇನ್ನೊಂದು. ಹ್ಯಾಡ್ಲಿ ವಿಕಮ್ ಎಂಬ ನ್ಯೂಜಿಲೆಂಡಿನವರು ತಮ್ಮ ಪುಸ್ತಕದಲ್ಲಿ ಇದನ್ನು ಮೆಣಸಿನ ಪುಡಿಯ ಡಬ್ಬಿಯ ಫೋಟೊ ಹಾಕಿ ವಿವರಿಸಿದ್ದಾರೆ. ಡಬ್ಬಿಯ ತುಂಬ ಪುಡಿಯ ಸಣ್ಣ ಪೊಟ್ಟಣಗಳು. ಒಂದು ಆವರಣಕ್ಕೆ ಒಂದೇ ಪೊಟ್ಟಣವಿರುವ ಡಬ್ಬಿ, ಎರಡಕ್ಕೆ ಬರೀ ಪೊಟ್ಟಣ. ಜಗತ್ತಿನ ಕಲಿಯುವವರೆಲ್ಲ ಆ ಫೋಟೊ ನೋಡಿ ತಲೆದೂಗಿದ್ದಾರೆ. ನನಗೆ ತಿಳಿದದ್ದು ಬುತ್ತಿಯಿಂದ. ಹೊಲದಲ್ಲಿ ಕೂತು "ರೊಟ್ಟಿ ಕೊಡು" ಎಂದರೆ ಅವ್ವ ಹರಕು ಧೋತರದಲ್ಲಿ ಕಟ್ಟಿದ ರೊಟ್ಟಿಯ ಗಂಟನ್ನು ಹಾಗೇ ಮುಂದೆ ತಳ್ಳುತ್ತಿದ್ದಳು. ಅದು ಒಂದು ಆವರಣ: ಕೈಗೆ ಬಂದದ್ದು ಇನ್ನೂ ಗಂಟೇ, ಹಲ್ಲಿಗೆ ಸಿಗುವುದು ಧೋತರ. ಗಂಟು ಬಿಚ್ಚಿ, ಮೇಲೆ ಪುಂಡಿಪಲ್ಯ ಹಾಕಿ ಅಂಗೈಗೆ ಕೊಟ್ಟರೆ ಎರಡು ಆವರಣ. ಗಂಟನ್ನು ಎರಡರಿಂದ ಗುಣಿಸು ಎಂದು ಆರ್‌ಗೆ ಹೇಳಿದರೆ ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಹಾಗೆ ಹೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಹೇಳದೆ ಬಿಟ್ಟದ್ದು ಎಷ್ಟು ದುಬಾರಿ ಎಂದು ಆಗಿನ್ನೂ ಗೊತ್ತಿರಲಿಲ್ಲ.

ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಸಾವಿರ ಲೀಟರ್ ನೀರು. ಕುಷ್ಟಗಿ ತಾಲೂಕಿನ ಮೇಲೆ ತಿಂಗಳು ತಿಂಗಳು ಎಷ್ಟು ನೀರು ಬಿತ್ತು ಎಂದು ಲೆಕ್ಕ ಹಾಕುವುದು ನನ್ನ ಪಾಲಿನ ಕೆಲಸ. ಕುಷ್ಟಗಿಯ ಹನ್ನೆರಡು ತಿಂಗಳ ಮಳೆ ಒಂದು ವೆಕ್ಟರ್. ನಾಲ್ಕು ತಾಲೂಕುಗಳ ವಿಸ್ತೀರ್ಣ ಇನ್ನೊಂದು ವೆಕ್ಟರ್. ಎರಡನೆಯದರಿಂದ ಕುಷ್ಟಗಿಯ ಒಂದನ್ನೇ ಆವರಣ ಹಾಕಿ ತೆಗೆದು ಗುಣಿಸಬೇಕಿತ್ತು. ಆವರಣ ಹಾಕುವುದನ್ನು ಮರೆತು ಇಡೀ ವೆಕ್ಟರಿನಿಂದಲೇ ಗುಣಿಸಿದೆ.

ಹನ್ನೆರಡರ ಸಾಲನ್ನು ನಾಲ್ಕರ ಸಾಲಿನಿಂದ ಆರ್ ಹೇಗೆ ಗುಣಿಸಿತು? ಗಿಡ್ಡ ವೆಕ್ಟರನ್ನು ಉದ್ದದ್ದರ ಕೊನೆ ಮುಟ್ಟುವವರೆಗೆ ಮತ್ತೆ ಮತ್ತೆ ಹಾಸುವುದು ಅದರ ರೂಢಿ. ರಾಶಿಯ ದಿನ ಮನೆಗೆ ಹನ್ನೆರಡು ಮಂದಿ ಉಣ್ಣಲು ಬಂದರು, ಇರುವುದು ನಾಲ್ಕೇ ತಾಟು. ನಾಲ್ವರು ಎದ್ದ ಮೇಲೆ ತಾಟು ತೊಳೆದು ಮತ್ತೆ ನಾಲ್ವರು, ಆಮೇಲೆ ಮತ್ತೆ ನಾಲ್ವರು. ಮೂರು ಪಂಕ್ತಿಯಲ್ಲಿ ಊಟ ಸರಿಯಾಗಿ ಮುಗಿಯುತ್ತದೆ, ತಾಟು ಕಮ್ಮಿ ಇದ್ದವೆಂದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಹಾಗೆ ಕುಷ್ಟಗಿಯ ಜನವರಿ ಮಳೆ ಕೊಪ್ಪಳದ ಮೇಲೆ, ಫೆಬ್ರುವರಿಯದು ಗಂಗಾವತಿಯ ಮೇಲೆ, ಏಪ್ರಿಲಿನದು ಯಲಬುರ್ಗಾದ ಮೇಲೆ ಸುರಿದಿತ್ತು. ಮಾರ್ಚ್, ಜುಲೈ, ನವೆಂಬರ್ ಈ ಮೂರು ತಿಂಗಳು ಮಾತ್ರ ಕುಷ್ಟಗಿಯ ಮಳೆ ಕುಷ್ಟಗಿಯಲ್ಲೇ ಬಿದ್ದಿತ್ತು. ನಮ್ಮವರು ಕಣ್ಣು ನೆಟ್ಟು ಕೂರುವ ಜೂನ್ ಮಳೆಯನ್ನು ಎತ್ತಿ ಗಂಗಾವತಿಗೆ ಕೊಟ್ಟಿದ್ದೆ, ಕಾಲುವೆ ಇದ್ದವರಿಗೆ! ವರದಿ ನೀಟಾಗಿ ಪ್ರಿಂಟಾಗಿ, ಬೈಂಡಾಗಿ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಆರ್ ಕೂಡ.

ಕೆಲವು ವರ್ಷಗಳ ಮೇಲೆ ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕಾಗಿ ಬಂತು. ಅಷ್ಟೊತ್ತಿಗೆ ಗಂಗಾವತಿಯಿಂದ ಕನಕಗಿರಿ, ಕಾರಟಗಿ, ಯಲಬುರ್ಗಾದಿಂದ ಕುಕನೂರು ಬೇರೆ ತಾಲೂಕುಗಳಾಗಿದ್ದವು. ವಿಸ್ತೀರ್ಣದ ವೆಕ್ಟರಿಗೆ ಮೂರು ಹೊಸ ಸಂಖ್ಯೆ ಸೇರಿಸಿ ಹಳೆಯ ಪ್ರೋಗ್ರಾಮನ್ನೇ ಓಡಿಸಿದೆ. ಕೆಂಪಕ್ಷರದಲ್ಲಿ ಒಂದು ಎಚ್ಚರಿಕೆ ಬಂತು: ಉದ್ದನೆಯದರ ಅಳತೆ ಗಿಡ್ಡನೆಯದರ ಅಪವರ್ತ್ಯವಲ್ಲ, ಎಂದು. ಏಳು ತಾಟು, ಹನ್ನೆರಡು ಮಂದಿ. ಎರಡನೆಯ ಪಂಕ್ತಿಯಲ್ಲಿ ಎರಡು ತಾಟು ಖಾಲಿ ಉಳಿದಿದ್ದವು. ಮೊದಲು ಅದನ್ನೂ ಲೆಕ್ಕಿಸಲಿಲ್ಲ. ಎಚ್ಚರಿಕೆ ತಾನೆ, ತಪ್ಪು ಎಂದಿಲ್ಲವಲ್ಲ, ಉತ್ತರವನ್ನೂ ಕೊಟ್ಟಿದೆಯಲ್ಲ ಎಂದುಕೊಂಡೆ. ಆದರೆ ಹಳೆಯ ವರ್ಷಗಳ ಕುಷ್ಟಗಿಯ ಅಂಕಿಗಳೂ ಬದಲಾಗಿದ್ದವು. ಒಡೆದದ್ದು ಗಂಗಾವತಿ, ಒಡೆದದ್ದು ಯಲಬುರ್ಗಾ. ಒಂದು ಗುಂಟೆಯೂ ಕಳೆದುಕೊಳ್ಳದ ಕುಷ್ಟಗಿಯ ಲೆಕ್ಕ ಯಾಕೆ ಅಲುಗಬೇಕು? ರಾತ್ರಿ ಒಂದು ಗಂಟೆಗೆ ಆ ಆವರಣವಿಲ್ಲದ ಸಾಲು ಕಣ್ಣಿಗೆ ಬಿತ್ತು. ಏಳು ಯಾವಾಗ ಕಲೀತಿ ಯವ್ವಾ ಎಂದು ಅಪ್ಪ ಕೇಳಿದ್ದು ನೆನಪಾಗಿ, ಒಬ್ಬಳೇ ಕೂತು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಿದ್ದುಪಡಿಯ ಪತ್ರ ಬರೆದೆ. ನಾಲ್ಕು ಸಾಲಿನ ಪತ್ರಕ್ಕೆ ನಾಲ್ಕು ದಿನ ಹಿಡಿಯಿತು. ಕಳಿಸಿದ ಸಂಜೆ ಊರಿಗೆ ಫೋನ್ ಮಾಡಿದೆ.

"ಮಳಿ ಆತೇನಪಾ?"

"ಆತು. ಊರಾಗ ಆತು, ಹೊಲಕ್ಕ ಆಗಿಲ್ಲ. ಹಳ್ಳದ ಆಚೀಕಿನ ಹೊಲ ಒಂದ್ ಗೇಣು ತೊಯ್ದೈತಿ ನೋಡು."

"ಎಷ್ಟ್ ಮಿಲಿಮೀಟರ್ ಅಂತ ಬರೀಲಿ?"

"ಒಂದ್ ಗೇಣು ಅಂತ ಬರಿ."

ವೆಕ್ಟರಿನಲ್ಲಿ ಬರೆದಿದ್ದರೆ ಆ ತಿಂಗಳ ಸಂಖ್ಯೆಗಳೆಲ್ಲ ಅಕ್ಷರವಾಗಿಬಿಡುತ್ತಿದ್ದವು. ಒಂದು ಹೊಸ ಯಾದಿ ತೆರೆದೆ. ಮೊದಲ ಸ್ಥಾನಕ್ಕೆ ಲಾಭ ಎಂದು ಹೆಸರಿಟ್ಟು, ಒಂದು ಗೇಣು ಎಂದು ಬರೆದೆ. ಎರಡನೆಯದಕ್ಕೆ: ಊರಾಗ ಆತು, ಹೊಲಕ್ಕ ಆಗಿಲ್ಲ.